ಏಳು ಕೆಜಿ ಬ್ಯಾಗಲ್ಲಿ ಕ್ರೂಸ್ ಟ್ರಿಪ್: ಬೆಂಗಳೂರಿಂದ ಹೊರಡೋರಿಗೆ ಪೂರ್ತಿ ಗೈಡ್

ಹೋಟೆಲ್ ಟ್ರಿಪ್ಪಿಗೂ ಕ್ರೂಸ್ ಟ್ರಿಪ್ಪಿಗೂ ಲಗೇಜ್ ವಿಷಯದಲ್ಲಿ ಒಂದು ದೊಡ್ಡ ವ್ಯತ್ಯಾಸ ಇದೆ, ಮೊದಲನೇ ಸಲ ಹೋದಾಗ ಇದು ನಂಗೆ ಹೊಳೆದೇ ಇರ್ಲಿಲ್ಲ. ಏರ್‌ಲೈನ್‌ನೋರು ಸೂಟ್‌ಕೇಸ್ ಎಲ್ಲೋ ಬಿಟ್ಟು ಬಂದ್ರೆ ಹೋಟೆಲಾದ್ರೆ ನಾಳೆನೋ ನಾಡಿದ್ದೋ ರೂಮಿಗೇ ತಂದು ಕೊಡ್ತಾರೆ. ಹಡಗು ನಿಮ್ಮ ಸೂಟ್‌ಕೇಸಿಗೋಸ್ಕರ ಕಾಯಲ್ಲ. ಟೈಮಾಯ್ತು ಅಂದ್ರೆ ಹೊರಟೇಬಿಡತ್ತೆ, ಹೊರಡೋಕೆ ಒಂದು ಒಂದೂವರೆ ಗಂಟೆ ಮುಂಚೇನೇ ಬೋರ್ಡಿಂಗೂ ಮುಚ್ಚಿಬಿಡ್ತಾರೆ.

ನಮಗೆ ಆಗಿದ್ದು ಇದೇ. ಸಿಂಗಾಪುರದಿಂದ ಪೆನಾಂಗ್, ಫುಕೆಟ್ ನೋಡ್ಕೊಂಡು ವಾಪಸ್ ಬರೋ ನಾಲ್ಕು ರಾತ್ರಿ ಕ್ರೂಸ್. ದುಡ್ಡು ಉಳಿಯತ್ತೆ ಅಂತ ಮಧ್ಯ ಒಂದು ಕಡೆ ಫ್ಲೈಟ್ ಬದಲಾಯಿಸೋ ಟಿಕೆಟ್ ತಗೊಂಡಿದ್ವಿ, ನಾವು ಬಂದ್ವಿ, ಸೂಟ್‌ಕೇಸ್ ಬರ್ಲಿಲ್ಲ, ಅದು ಸಿಂಗಾಪುರ ಸೇರೋ ಹೊತ್ತಿಗೆ ನಾವು ಸಮುದ್ರದ ಮಧ್ಯ ಇದ್ವಿ. ನಾಲ್ಕು ದಿನ ಒಂದು ಜೀನ್ಸು, ಎರಡು ಟಾಪು. ಆದ್ರೆ ಆ ನಾಲ್ಕು ದಿನದಲ್ಲಿ ನಿಜವಾಗ್ಲೂ ಕಷ್ಟ ಆಗಿದ್ದು ಮೂರಕ್ಕೆ ಮಾತ್ರ: ಒಳಬಟ್ಟೆ, ಈಜೋ ಬಟ್ಟೆ, ಮತ್ತೆ ನಮ್ಮನೆಯವ್ರ ಬಿಪಿ ಮಾತ್ರೆ. ಮಾತ್ರೆ ವಿಷಯಕ್ಕೆ ಹಡಗಿನ ಡಾಕ್ಟರ್ ಹತ್ರ ಹೋಗಬೇಕಾಯ್ತು, ಅದರ ಬಿಲ್ಲು ಡಾಲರಲ್ಲಿ. ಮಿಕ್ಕಿದ್ದು ಆ 19 ಕೆಜಿ ಸೂಟ್‌ಕೇಸಲ್ಲಿ ಏನಿತ್ತು ಅಂತ ಎರಡನೇ ದಿನಕ್ಕೇ ನಮಗೆ ಸರಿಯಾಗಿ ನೆನಪಿರ್ಲಿಲ್ಲ.

ಅದಾದ್ಮೇಲೆ ಕ್ರೂಸಿಗೆ ಚೆಕ್-ಇನ್ ಲಗೇಜ್ ಹಾಕೋದೇ ಬಿಟ್ವಿ. ಕೈಯಲ್ಲಿರೋ ಬ್ಯಾಗಷ್ಟೇ ನಮ್ಮದು. ಅದನ್ನ ಹೇಗೆ ಮಾಡೋದು ಅಂತ ಮೊದಲಿಂದ ಹೇಳ್ತೀನಿ.

ಮೊದಲು ಬ್ಯಾಗನ್ನೇ ತೂಕ ಹಾಕಿ

ಯೂಟ್ಯೂಬಲ್ಲಿ ಫಾರಿನ್‌ನೋರು ತೋರಿಸೋ ಕ್ಯಾಬಿನ್ ಬ್ಯಾಗ್ ಪ್ಯಾಕಿಂಗ್ ನೋಡಿ ಹಾಗೇ ಮಾಡೋಕೆ ಹೋದ್ರೆ ನಮ್ಮ ಏರ್‌ಪೋರ್ಟಲ್ಲಿ ಸಿಕ್ಕಿಹಾಕ್ಕೊಳ್ತೀರ. ಅಮೆರಿಕದ ಎಷ್ಟೋ ಏರ್‌ಲೈನ್ಸಲ್ಲಿ ಕ್ಯಾಬಿನ್ ಬ್ಯಾಗಿಗೆ ಸೈಜ್ ಮಾತ್ರ ನೋಡ್ತಾರೆ, ತೂಕ ನೋಡಲ್ಲ. ನಮ್ಮಲ್ಲಿ ಇಂಡಿಗೋ, ಏರ್ ಇಂಡಿಯಾ, ಸಿಂಗಾಪುರ್ ಏರ್‌ಲೈನ್ಸ್ ಎಲ್ಲಾದ್ರಲ್ಲೂ ಎಕಾನಮಿ ಕ್ಲಾಸಿಗೆ 7 ಕೆಜಿ. ಬ್ಯಾಗಿನ ಉದ್ದ, ಅಗಲ, ದಪ್ಪ ಮೂರೂ ಕೂಡಿದ್ರೆ 115 ಸೆಂಟಿಮೀಟರ್ ಒಳಗೆ ಇರ್ಬೇಕು. ಅಂದ್ರೆ ನಮ್ಮ ಸಮಸ್ಯೆ ಜಾಗದ್ದಲ್ಲ, ತೂಕದ್ದು. ಇದೊಂದು ತಲೇಲಿ ಕೂತ್ರೆ ಮಿಕ್ಕಿದ್ದೆಲ್ಲ ತಾನಾಗೇ ಸರಿಹೋಗತ್ತೆ.

ಅದಕ್ಕೇ ಗಾಳಿ ಹೀರಿ ಬಟ್ಟೆ ಚಪ್ಪಟೆ ಮಾಡೋ ವ್ಯಾಕ್ಯೂಮ್ ಕವರ್‌ಗಳನ್ನ ನಾನು ಯಾರಿಗೂ ಹೇಳಲ್ಲ. ಅದ್ರಿಂದ ಜಾಗ ಉಳಿಯತ್ತೆ, ಜಾಗ ಉಳೀತಲ್ಲ ಅಂತ ಇನ್ನೆರಡು ಜೊತೆ ಬಟ್ಟೆ ತುರುಕ್ತೀವಿ, ತೂಕ 9 ಕೆಜಿ ಆಗಿರತ್ತೆ.

ಈಗ ಮನೇಲಿರೋ ಟ್ರಾಲಿ ಬ್ಯಾಗನ್ನ ಖಾಲಿ ಮಾಡಿ ತೂಗಿ ನೋಡಿ. ತೂಗೋ ಕೊಕ್ಕೆ ಮಷೀನ್ ಇಲ್ಲದಿದ್ರೆ ಪರವಾಗಿಲ್ಲ, ವೆಯಿಂಗ್ ಸ್ಕೇಲ್ ಮೇಲೆ ಬ್ಯಾಗ್ ಹಿಡ್ಕೊಂಡು ಒಂದ್ಸಲ, ಬಿಟ್ಟು ಒಂದ್ಸಲ ನಿಂತ್ರೆ ವ್ಯತ್ಯಾಸ ಗೊತ್ತಾಗತ್ತೆ. ನಮ್ಮನೆ ಗಟ್ಟಿ ಪ್ಲಾಸ್ಟಿಕ್ಕಿನ ಟ್ರಾಲಿ 2 ಕೆಜಿ 900 ಗ್ರಾಂ ಇತ್ತು! ಏನೂ ಹಾಕದೇನೇ ಹತ್ರ ಹತ್ರ ಮೂರು ಕೆಜಿ ಹೋಯ್ತು, ಚಕ್ರಕ್ಕೆ ಹ್ಯಾಂಡಲಿಗೆ ನಮ್ಮ ಅರ್ಧ ಬಟ್ಟೆಯ ತೂಕ ಕೊಟ್ಟಂಗಾಯ್ತು. ಅದರ ಬದಲು 35-40 ಲೀಟರಿನ ಬೆನ್ನಿಗೆ ಹಾಕೋ ಬ್ಯಾಗ್ ತಗೊಳ್ಳಿ, ಒಂದು ಕೆಜಿ ಒಳಗಿಂದು, ಅದೂ ಬಾಯಿ ಮೇಲಿಂದ ಮಾತ್ರ ತೆಗೆಯೋದಲ್ಲ, ಸೂಟ್‌ಕೇಸ್ ಥರ ಪೂರ್ತಿ ಜಿಪ್ ಬಿಚ್ಚೋದು. ನಂದು 900 ಗ್ರಾಂ. ಬೆನ್ನು ನೋವಿರೋರು ಬಟ್ಟೆಯ ಟ್ರಾಲಿ ನೋಡಿ, 2 ಕೆಜಿ ಒಳಗಿರೋವೂ ಸಿಗ್ತವೆ, ಅಂಗಡೀಲಿ ಬ್ಯಾಗಿನ ಟ್ಯಾಗಲ್ಲಿ ತೂಕ ಬರ್ದಿರ್ತಾರೆ, ನೋಡದೆ ದುಡ್ಡು ಕೊಡಬೇಡಿ.

ಇದಲ್ಲದೆ ಒಂದು ಸಣ್ಣ ಪರ್ಸ್ ಬ್ಯಾಗೋ ಲ್ಯಾಪ್‌ಟಾಪ್ ಬ್ಯಾಗೋ ಬಿಡ್ತಾರೆ. ಅದರ ಲೆಕ್ಕ ಏರ್‌ಲೈನಿಂದ ಏರ್‌ಲೈನಿಗೆ ಬೇರೆ, ಟಿಕೆಟ್ ಬುಕ್ ಮಾಡಿದ ದಿನಾನೇ ಅವ್ರ ಸೈಟಲ್ಲಿ ನೋಡಿಟ್ಕೊಳ್ಳಿ.

ಬಟ್ಟೆ: ದಿನಕ್ಕೊಂದು ಅನ್ನೋ ಲೆಕ್ಕ ಬಿಡಿ

ನಾನು ಒಂದೇ ಬ್ಯಾಗಲ್ಲಿ ಹೋಗ್ತೀನಿ ಅಂದಾಗ ಅಮ್ಮ ಫೋನಲ್ಲಿ "ಅಲ್ಲ ಕಣೇ, ಹಬ್ಬಕ್ಕೆ ನಮ್ಮನೆಗೆ ಎರಡು ದಿನ ಬರೋವಾಗ್ಲೇ ಅಷ್ಟು ದೊಡ್ಡ ಸೂಟ್‌ಕೇಸ್ ತರ್ತೀಯ, ಐದು ದಿನಕ್ಕೆ ಹೆಂಗೇ ಸಾಕಾಗತ್ತೆ" ಅಂದ್ರು. ಅಮ್ಮ ಕೇಳಿದ್ದು ಸರಿಯಾದ ಪ್ರಶ್ನೆ. ದಿನಕ್ಕೊಂದು ಜೊತೆ, ರಾತ್ರಿ ಊಟಕ್ಕೊಂದು ಜೊತೆ, ಇರ್ಲಿ ಅಂತ ಇನ್ನೆರಡು, ಹೀಗೆ ಎಣಿಸಿದ್ರೆ ಎಷ್ಟು ದೊಡ್ಡ ಬ್ಯಾಗೂ ಸಾಕಾಗಲ್ಲ. ಎಣಿಸಬೇಕಾಗಿರೋದು ದಿನ ಅಲ್ಲ, ಸಂದರ್ಭ. ಕ್ರೂಸಲ್ಲಿ ಸಂದರ್ಭ ಇರೋದು ನಾಲ್ಕೇ: ಹಡಗಲ್ಲಿ ಸುಮ್ನೆ ಓಡಾಡೋದು, ಈಜುಕೊಳ, ದಡಕ್ಕಿಳಿದು ಊರು ಸುತ್ತೋದು, ರಾತ್ರಿ ಊಟ.

ನಾಲ್ಕೈದು ರಾತ್ರಿಗೆ ನಾನು ತಗೊಂಡು ಹೋಗೋದು ಇಷ್ಟು. ಮೈಮೇಲೆ ಒಂದು ಕಾಟನ್ ಪ್ಯಾಂಟು, ಟಾಪು, ಜಾಕೆಟ್ಟು, ಶೂ. ಬ್ಯಾಗಲ್ಲಿ ಎರಡು ರೇಯಾನ್ ಕುರ್ತಿ, ಎರಡು ಟೀ ಶರ್ಟು, ಒಂದು ಪಲಾಝೋ, ಒಂದು ನೈಟ್ ಡ್ರೆಸ್, ನಾಲ್ಕು ಜೊತೆ ಒಳಬಟ್ಟೆ, ಒಂದು ಈಜೋ ಬಟ್ಟೆ, ಒಂದು ದುಪಟ್ಟಾ, ಒಂದು ಸೀರೆ. ಬಣ್ಣ ಮಾತ್ರ ಮೊದಲೇ ಯೋಚಿಸ್ಬೇಕು, ಕೆಳಗಿನ ಎರಡಕ್ಕೂ ಮೇಲಿನ ಎಲ್ಲಾ ಹೊಂದಬೇಕು, ಹಾಗಾಗಿ ಪ್ಯಾಂಟೂ ಪಲಾಝೋನೂ ಕಪ್ಪು ಅಥವಾ ನೇವಿ ಬ್ಲೂ ಇರ್ಲಿ. ಒಂದೇ ಕುರ್ತಿಗೆ ಮಾತ್ರ ಹೊಂದೋ ಲೆಗಿಂಗ್ಸ್ ಅಂತ ಏನಾದ್ರೂ ಇದ್ರೆ ಎರಡನ್ನೂ ಮನೇಲೇ ಬಿಡಿ.

ದುಪಟ್ಟಾ ಬಗ್ಗೆ ಒಂದು ಮಾತು. ಅದು ಫ್ಲೈಟಲ್ಲಿ ಹೊದಿಕೆ, ಹಡಗಿನ ಥಿಯೇಟರಲ್ಲಿ ಎಸಿ ಚಳಿಗೆ ಶಾಲು, ಡೆಕ್ಕಲ್ಲಿ ಬಿಸಿಲಿಗೆ ತಲೆಗೆ. ಫುಕೆಟಲ್ಲಿ ವಾಟ್ ಚಲೋಂಗ್ ದೇವಸ್ಥಾನಕ್ಕೆ ಹೋದ್ರೆ ಭುಜ, ಮಂಡಿ ಮುಚ್ಚಿರ್ಬೇಕು, ಅಲ್ಲೂ ಅದೇ ಬೇಕಾಗತ್ತೆ. 150 ಗ್ರಾಮಿಗೆ ಇಷ್ಟು ಕೆಲಸ ಮಾಡೋ ಇನ್ನೊಂದು ವಸ್ತು ನನ್ನ ಬ್ಯಾಗಲ್ಲಿ ಇಲ್ಲ.

ಈಗ ಸೀರೆ. ಏಳು ರಾತ್ರಿ ಕ್ರೂಸಲ್ಲಿ ಸಾಮಾನ್ಯವಾಗಿ ಎರಡು ದಿನ, ಸಣ್ಣ ಕ್ರೂಸಲ್ಲಿ ಒಂದು ದಿನ ಫಾರ್ಮಲ್ ನೈಟ್ ಅಂತ ಇರತ್ತೆ, ಮೇನ್ ಡೈನಿಂಗ್ ಹಾಲಿಗೆ ಎಲ್ಲರೂ ಚೆನ್ನಾಗಿ ಡ್ರೆಸ್ ಮಾಡ್ಕೊಂಡು ಬರ್ತಾರೆ. ಇದಕ್ಕೋಸ್ಕರ ಗೌನು, ಹೈ ಹೀಲ್ಸು ಅಂತ ಹೊಸದಾಗಿ ಕೊಳ್ಳೋರನ್ನ ನೋಡಿದ್ದೀನಿ. ಬೇಡವೇ ಬೇಡ, ನಮ್ಮ ಬೀರೂಲಿರೋ ಮೈಸೂರು ರೇಷ್ಮೆ ಸೀರೆ ಸಾಕು. ನಂದು ಕಡಿಮೆ ಜರಿ ಇರೋ ಪ್ಲೇನ್ ಸೀರೆ, ಅಡುಗೆಮನೆ ತಕ್ಕಡೀಲಿಟ್ಟಾಗ 450 ಗ್ರಾಂ ತೋರಿಸ್ತು. ಕ್ರೇಪ್ ರೇಷ್ಮೆ ಆದ್ರಿಂದ ನೂಲನ್ನ ತಿರುಚಿ ನೇಯ್ದಿರ್ತಾರೆ, ಮಡಚಿಟ್ರೂ ಗೆರೆ ಅಷ್ಟಾಗಿ ಬೀಳಲ್ಲ, ರಾತ್ರಿ ನೇತುಹಾಕಿದ್ರೆ ಬೆಳಿಗ್ಗೆಗೆ ಸರಿಹೋಗಿರತ್ತೆ. ಕಂಜೀವರಂ ತರಬೇಡಿ, ತೂಕಾನೂ ಜಾಸ್ತಿ, ಮಡಿಕೆ ಬಿದ್ರೆ ಹೋಗೋದೂ ಇಲ್ಲ, ಹಡಗಲ್ಲಿ ಇಸ್ತ್ರಿ ಪೆಟ್ಟಿಗೆ ಇಟ್ಕೊಳ್ಳೋಕೂ ಬಿಡಲ್ಲ. ಎರಡು ಫಾರ್ಮಲ್ ನೈಟ್ ಇದ್ರೆ ಅದೇ ಸೀರೆಗೆ ಬೇರೆ ಬಣ್ಣದ ಬ್ಲೌಸು, 120 ಗ್ರಾಂ, ಮುಗೀತು.

ಗಂಡಸರಿಗೆ ಬ್ಲೇಜರ್ ಚಿಂತೆ. ಹೆಚ್ಚಿನ ಹಡಗುಗಳಲ್ಲಿ ಕಪ್ಪು ಪ್ಯಾಂಟು, ಫುಲ್ ಆರ್ಮ್ ಶರ್ಟು ಇದ್ರೆ ನಡೆಯತ್ತೆ, ಸಾಂಪ್ರದಾಯಿಕ ಉಡುಪೂ ನಡೆಯತ್ತೆ. ನಮ್ಮನೆಯವ್ರು ಪಂಚೆ, ರೇಷ್ಮೆ ಶರ್ಟು ಹಾಕ್ಕೊಂಡು ಬಂದ್ರು, ಪಕ್ಕದ ಟೇಬಲ್‌ನೋರು ಎದ್ದು ಬಂದು ಫೋಟೋ ತೆಗೆಸ್ಕೊಂಡ್ರು. ಆದ್ರೆ ರಾತ್ರಿ ಊಟಕ್ಕೆ ಮೇನ್ ಡೈನಿಂಗಿಗೆ ಚಡ್ಡಿ, ಬನಿಯನ್ ಥರ ತೋಳಿಲ್ಲದ ಶರ್ಟು ಬೇಡ.

ಕ್ಯಾಬಿನ್ನಲ್ಲೇ (ಹಡಗಿನ ನಮ್ಮ ರೂಮಲ್ಲೇ) ಬಟ್ಟೆ ಒಗೆಯೋದು

ಇದು ಬರದಿದ್ರೆ 7 ಕೆಜಿ ಆಗೋದು ಕಷ್ಟ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳ್ತೀನಿ. ಪ್ರಿನ್ಸೆಸ್, ಕಾರ್ನಿವಲ್ ಕಂಪನಿಗಳ ಹಡಗುಗಳಲ್ಲಿ ಪ್ರಯಾಣಿಕರೇ ಒಗೆದುಕೊಳ್ಳೋ ವಾಷಿಂಗ್ ಮಷೀನ್ ರೂಮ್ ಇರತ್ತೆ, ರಾಯಲ್ ಕೆರಿಬಿಯನ್‌ನಲ್ಲಿ ಇರಲ್ಲ, ಅಲ್ಲಿ ದುಡ್ಡು ಕೊಟ್ಟು ಲಾಂಡ್ರಿಗೆ ಹಾಕ್ಬೇಕು. ಎಲ್ಲಿ ಹೋದ್ರೂ ನಾನು ರಾತ್ರಿ ಸಿಂಕಲ್ಲೇ ಒಗೆದುಬಿಡ್ತೀನಿ.

ಬಟ್ಟೆ ಸೋಪಿನ ಕಾಲು ತುಂಡು ಕತ್ತರಿಸಿ ಜಿಪ್ ಕವರಲ್ಲಿ ಇಟ್ಕೊಳ್ಳಿ, ಲಿಕ್ವಿಡ್ ಬೇಡ. ಟೀ ಶರ್ಟು, ಒಳಬಟ್ಟೆ ಒಗೆದು ಹಿಂಡಿ, ಆಮೇಲೆ ಸ್ನಾನದ ದೊಡ್ಡ ಟವೆಲ್ ಹಾಸಿ ಅದರ ಮೇಲೆ ಬಟ್ಟೆ ಇಟ್ಟು ಚಾಪೆ ಸುತ್ತೋ ಹಾಗೆ ಒಟ್ಟಿಗೆ ಸುತ್ತಿ, ಆ ಸುರುಳಿ ಮೇಲೆ ಮಂಡಿಯೂರಿ ಕೂತು ಒತ್ತಿ. ಬಿಚ್ಚಿ ನೋಡಿದ್ರೆ ಟವೆಲ್ ಒದ್ದೆ, ಬಟ್ಟೆ ಅರ್ಧ ಒಣಗಿರತ್ತೆ. ಬಾತ್‌ರೂಮಲ್ಲಿ ಶವರ್ ಮೇಲೆ ಎಳೆದು ಸಿಕ್ಕಿಸೋ ಸಣ್ಣ ದಾರ ಹೆಚ್ಚಿನ ಹಡಗುಗಳಲ್ಲಿ ಇರತ್ತೆ, ಗೋಡೇಲಿ ಗುಂಡಗೆ ಒಂದು ಡಬ್ಬಿ ಥರ ಕಾಣತ್ತೆ, ಮೊದಲನೇ ಸಲ ನಾವು ಅದೇನು ಅಂತ ಮೂರು ದಿನ ನೋಡಿರ್ಲಿಲ್ಲ. ರೇಯಾನ್, ಪಾಲಿಸ್ಟರ್ ಬೆಳಿಗ್ಗೆಗೆ ಒಣಗತ್ತೆ. ಜೀನ್ಸ್ ಮಾತ್ರ ಎರಡು ದಿನವಾದ್ರೂ ಒಣಗಲ್ಲ, ಒಂದು ಜೀನ್ಸಿನ ತೂಕಕ್ಕೆ ಮೂರು ಕುರ್ತಿ ಬರತ್ತೆ, ಹಾಗಾಗಿ ಜೀನ್ಸ್ ಬೇಡ. ಬಾಲ್ಕನೀಲಿ ಒಣಗಿಹಾಕಬೇಡಿ, ಗಾಳಿಗೆ ಸಮುದ್ರಕ್ಕೆ ಹಾರಿಹೋಗತ್ತೆ, ಹಡಗಿನೋರೂ ಬೇಡ ಅಂತಾರೆ.

ಕ್ಯಾಬಿನ್ ಗೋಡೆಗಳು ಹೆಚ್ಚಾಗಿ ಲೋಹದ್ದು, ಮ್ಯಾಗ್ನೆಟ್ ಕೊಕ್ಕೆ ಮೂರ್ನಾಲ್ಕು ಇಟ್ಕೊಂಡ್ರೆ ಒದ್ದೆ ಈಜೋ ಬಟ್ಟೆ, ಜಾಕೆಟ್ಟು, ಪರ್ಸು ಎಲ್ಲಾ ನೇತುಹಾಕಬಹುದು. ಚಿಕ್ಕಪೇಟೆ ಕಡೆ ಹಾರ್ಡ್‌ವೇರ್ ಅಂಗಡೀಲಿ ಕೇಳಿ.

ಟವೆಲ್ ತಗೊಂಡು ಹೋಗ್ಲೇಬೇಡಿ, ಸ್ನಾನಕ್ಕೂ ಕೊಡ್ತಾರೆ, ಈಜುಕೊಳಕ್ಕೂ ಬೇರೆ ಕೊಡ್ತಾರೆ. ಚಪ್ಪಲಿ ಒಂದೇ ಜೊತೆ, ಫಾರ್ಮಲ್ ನೈಟಿಗೂ ಈಜುಕೊಳಕ್ಕೂ ಆಗೋ ಥರ ಹಗುರವಾದ ಕಪ್ಪು ಸ್ಯಾಂಡಲ್, ಸೀರೆ ಉಟ್ರೆ ಕಾಲು ಯಾರಿಗೂ ಕಾಣಲ್ಲ. ಶೂ ಕಾಲಲ್ಲಿರತ್ತೆ.

ಲಿಕ್ವಿಡ್, ಮಾತ್ರೆ

ಇಂಟರ್‌ನ್ಯಾಷನಲ್ ಫ್ಲೈಟಲ್ಲಿ ಒಂದೊಂದು ಬಾಟಲೂ 100 ಎಂಎಲ್ ಮೀರಬಾರ್ದು, ಎಲ್ಲಾ ಸೇರಿ ಒಂದು ಲೀಟರಿನ ಪಾರದರ್ಶಕ ಕವರಲ್ಲಿ ಹಿಡೀಬೇಕು. ಬಾಟಲಲ್ಲಿ ಎಷ್ಟಿದೆ ಅಂತಲ್ಲ ನೋಡೋದು, ಬಾಟಲ್ ಸೈಜು. ಅರ್ಧ ಖಾಲಿಯಾದ 200 ಎಂಎಲ್ ಕೊಬ್ಬರಿ ಎಣ್ಣೆ ಬಾಟಲ್ ತೆಗೆದು ಪಕ್ಕಕ್ಕೆ ಇಟ್ಟೇಬಿಡ್ತಾರೆ. ಶಾಂಪೂ, ಸೋಪು ಹಡಗಲ್ಲೇ ಇರತ್ತೆ. ಕೂದಲು ಉದ್ದ ಇರೋರು ಒಂದೊಂದು ರೂಪಾಯಿನ ಶಾಂಪೂ ಸ್ಯಾಶೆ ಆರು ಇಟ್ಕೊಳ್ಳಿ, ಇದಕ್ಕಿಂತ ಒಳ್ಳೆ ಟ್ರಾವೆಲ್ ಪ್ಯಾಕ್ ಯಾವ ದೇಶದಲ್ಲೂ ಇಲ್ಲ. ಸನ್‌ಸ್ಕ್ರೀನ್ ಮಾತ್ರ ಇಲ್ಲಿಂದಲೇ ತಗೊಂಡು ಹೋಗಿ, ಹಡಗಿನ ಅಂಗಡೀಲಿ ರೇಟು ಜಾಸ್ತಿ. ಪ್ಯಾಡ್ ಕೂಡ ಹಾಗೇ, ಡೇಟ್ ಇಲ್ದಿದ್ರೂ ನಾಲ್ಕೈದು ಇರ್ಲಿ.

ಮಾತ್ರೆಗಳನ್ನ ಟ್ರಿಪ್ಪಿನ ದಿನಕ್ಕಿಂತ ಮೂರು ದಿನ ಜಾಸ್ತಿ ಲೆಕ್ಕ ಹಾಕಿ, ಸ್ಟ್ರಿಪ್ಪಲ್ಲೇ ಇಡಿ, ಬಿಚ್ಚಿ ಡಬ್ಬಿಗೆ ಸುರಿಯಬೇಡಿ, ಡಾಕ್ಟರ್ ಚೀಟಿ ಜೊತೇಲಿರ್ಲಿ, ಮತ್ತೆ ಇದಿಷ್ಟೂ ದೊಡ್ಡ ಬ್ಯಾಗಲ್ಲಲ್ಲ, ಹೆಗಲಿಗೆ ಹಾಕೋ ಸಣ್ಣ ಬ್ಯಾಗಲ್ಲಿ. ಇದನ್ನ ಎಷ್ಟು ಸಲ ಹೇಳಿದ್ರೂ ಕಡಿಮೆ. ಕೋಡೀನ್ ಇರೋ ಕೆಮ್ಮಿನ ಸಿರಪ್, ಕೆಲವು ನಿದ್ದೆ ಮಾತ್ರೆ ಇಂಥವಕ್ಕೆ ಸಿಂಗಾಪುರದಲ್ಲಿ ಮೊದಲೇ ಪರ್ಮಿಷನ್ ಬೇಕಾಗಬಹುದು, ಅಂಥದ್ದು ತಗೊಳ್ಳೋರು ಹೊರಡೋ ಮುಂಚೆ ಅವ್ರ ಹೆಲ್ತ್ ಸೈನ್ಸಸ್ ಅಥಾರಿಟಿ ಸೈಟ್ ನೋಡಿ. ಹಡಗಲ್ಲಿ ತಲೆ ಸುತ್ತಿ ವಾಂತಿ ಬರೋದಕ್ಕೆ ನಿಮ್ಮ ಡಾಕ್ಟರ್ ಹತ್ರ ಕೇಳಿ ಮಾತ್ರೆ ಬರೆಸ್ಕೊಳ್ಳಿ, ಒಣ ಶುಂಠಿನೂ ಒಂದು ತುಂಡು ಇರ್ಲಿ.

ತಿಂಡಿ, ಪೂಜೆ ಸಾಮಾನು, ಕೆಟಲ್

ನಮ್ಮೋರು ಜಾಸ್ತಿ ಎಡವೋದು ಇಲ್ಲಿ. ಏರ್‌ಪೋರ್ಟ್ ಲೆಕ್ಕದಲ್ಲಿ ಪುಳಿಯೋಗರೆ ಗೊಜ್ಜು, ತುಪ್ಪ, ಉಪ್ಪಿನಕಾಯಿ ಎಲ್ಲಾ ಲಿಕ್ವಿಡ್ಡೇ, ಕ್ಯಾಬಿನ್ ಬ್ಯಾಗಲ್ಲಿ ಹೋಗಲ್ಲ ಅಂತಲೇ ಇಟ್ಕೊಳ್ಳಿ. ಒಣಗಿದ ಕೊಬ್ಬರಿ ಗಿಟುಕಂತೂ ಎಣ್ಣೆ ಅಂಶಕ್ಕೆ ಬೆಂಕಿ ಹಿಡಿಯತ್ತೆ ಅಂತ ವಿಮಾನದಲ್ಲಿ ಬಿಡೋದೇ ಇಲ್ಲ. ಇನ್ನು ಹಡಗಿನೋರು ಸಾಮಾನ್ಯವಾಗಿ ಮನೇಲಿ ಮಾಡಿದ ತಿಂಡಿ ಬಿಡಲ್ಲ, ಅಂಗಡಿಯ ಸೀಲ್ ಮಾಡಿದ ಪ್ಯಾಕೆಟ್ ಬಿಡ್ತಾರೆ. ಹಾಗಾಗಿ ಸೀಲ್ ಇರೋ ಕೋಡುಬಳೆ, ಖಾರ ಬಿಸ್ಕತ್ತು ಸಣ್ಣ ಪ್ಯಾಕೆಟ್ ನಾಲ್ಕು. ಅದಕ್ಕಿಂತ ಬೇಡ, ಹಡಗಲ್ಲಿ ಊಟಕ್ಕೇನೂ ಕೊರತೆ ಇರಲ್ಲ, ಏಷ್ಯಾದ ಕ್ರೂಸುಗಳಲ್ಲಿ ಅನ್ನ, ದಾಲ್, ವೆಜ್ ಕರಿ ಇದ್ದೇ ಇರತ್ತೆ, ಪೂರ್ತಿ ಸಸ್ಯಾಹಾರಿ ಅಥವಾ ಜೈನ್ ಊಟ ಬೇಕಿದ್ರೆ ಬುಕ್ ಮಾಡೋವಾಗ್ಲೇ ಹೇಳಿಬಿಡಿ. ಪೆನಾಂಗಲ್ಲಂತೂ ಹಡಗಿನ ದಡದಿಂದ ನಡ್ಕೊಂಡೇ ಹೋಗೋಷ್ಟು ಹತ್ತಿರದಲ್ಲಿ ಜಾರ್ಜ್ ಟೌನಿನ ಲಿಟಲ್ ಇಂಡಿಯಾ ಇದೆ, ದೋಸೆ, ಫಿಲ್ಟರ್ ಕಾಫಿ ಸಿಗತ್ತೆ.

ಬೆಳಿಗ್ಗೆ ಕ್ಯಾಬಿನ್ನಲ್ಲೇ ಕಾಫಿ ಕಾಯಿಸ್ಕೊಳ್ಳೋಣ ಅಂತ ಟ್ರಾವೆಲ್ ಕೆಟಲ್, ನೀರು ಕಾಯಿಸೋ ಕಾಯಿಲ್, ಇಸ್ತ್ರಿ ಪೆಟ್ಟಿಗೆ, ಎಕ್ಸ್‌ಟೆನ್ಷನ್ ಬೋರ್ಡ್ ಇವೆಲ್ಲ ಇಟ್ಕೊಂಡ್ರೆ ಹತ್ತೋವಾಗ ಸ್ಕ್ಯಾನಲ್ಲಿ ಸಿಕ್ಕಿ ಅವ್ರ ಹತ್ರಾನೇ ಉಳಿಯತ್ತೆ. ಹಾಗೇ ಅಗರಬತ್ತಿ, ದೀಪ, ಕರ್ಪೂರ. ನಡು ಸಮುದ್ರದಲ್ಲಿ ಬೆಂಕಿ ಬಿದ್ರೆ ಓಡಿಹೋಗೋಕೆ ಜಾಗ ಇಲ್ಲ, ಆ ರೂಲ್ಸ್ ಸರಿಯಾಗೇ ಇದೆ. ನಿತ್ಯ ಪೂಜೆ ತಪ್ಪಿಸದೇ ಇರೋರು ಒಂದು ಸಣ್ಣ ಫೋಟೋ, ಕುಂಕುಮದ ಡಬ್ಬಿ ಇಟ್ಕೊಂಡ್ರೆ ಸಾಕು. ಸಿಂಗಾಪುರಕ್ಕೆ ಚ್ಯೂಯಿಂಗ್ ಗಮ್ಮು, ಇ-ಸಿಗರೇಟು ತಗೊಂಡು ಹೋಗಬಾರ್ದು, ಇದು ಕಾನೂನು.

ಚಾರ್ಜರ್

ಕ್ಯಾಬಿನ್ನಲ್ಲಿ ಪ್ಲಗ್ ಪಾಯಿಂಟ್ ಎರಡು ಮೂರೇ, ಅದೂ ಸಾಮಾನ್ಯವಾಗಿ ಅಮೆರಿಕನ್ ಚಪ್ಪಟೆ ಪಿನ್ನು, ಯುರೋಪಿನ ಗುಂಡು ಪಿನ್ನು. ನಮ್ಮ ಎರಡು ಪಿನ್ನಿನ ಫೋನ್ ಚಾರ್ಜರ್ ಯುರೋಪಿನ ಪಾಯಿಂಟಿಗೆ ಹೊಂದತ್ತೆ. ಸಿಂಗಾಪುರದ ಹೋಟೆಲಲ್ಲಿ ಮೂರು ಚೌಕ ಪಿನ್ನು, ಅದಕ್ಕೆ ಒಂದು ಅಡಾಪ್ಟರ್ ಬೇಕು. ಮೂರ್ನಾಲ್ಕು ಯುಎಸ್‌ಬಿ ಪೋರ್ಟ್ ಇರೋ ಒಂದೇ ಚಾರ್ಜರ್ ತಗೊಂಡ್ರೆ ಮನೆಯೋರಿಗೆಲ್ಲ ಆಯ್ತು. ಪವರ್ ಬ್ಯಾಂಕ್ ಕ್ಯಾಬಿನ್ ಬ್ಯಾಗಲ್ಲೇ ಇರ್ಬೇಕು, 100 ವ್ಯಾಟ್-ಅವರ್ ತನಕ ಪರ್ಮಿಷನ್ ಬೇಡ, 10,000 ಎಂಎಎಚ್‌ದು ಸುಮಾರು 37 ವ್ಯಾಟ್-ಅವರ್ ಆಗತ್ತೆ, ತೊಂದರೆ ಇಲ್ಲ. ಫ್ಲೈಟ್ ತುಂಬಿದೆ ಅಂತ ಗೇಟಲ್ಲಿ ನಿಮ್ಮ ಬ್ಯಾಗ್ ಕೆಳಗೆ ಹಾಕ್ತೀವಿ ಅಂದ್ರೆ ಪವರ್ ಬ್ಯಾಂಕು, ಮಾತ್ರೆ, ಪಾಸ್‌ಪೋರ್ಟು ತೆಗೆದು ಕೈಲಿಟ್ಕೊಂಡೇ ಬ್ಯಾಗ್ ಕೊಡಿ.

ಕಾಗದ ಪತ್ರ

ಪಾಸ್‌ಪೋರ್ಟ್ ಆರು ತಿಂಗಳು ವ್ಯಾಲಿಡಿಟಿ ಇರ್ಬೇಕು. ಸಿಂಗಾಪುರಕ್ಕೆ ನಮಗೆ ವೀಸಾ ಬೇಕು, ಹಡಗು ಹೊರಗೆ ಹೋಗಿ ವಾಪಸ್ ಬರೋದ್ರಿಂದ ಎರಡು ಸಲ ಒಳಗೆ ಹೋದಂಗಾಗತ್ತೆ, ಹಾಗಾಗಿ ಮಲ್ಟಿಪಲ್ ಎಂಟ್ರಿ ಇದೆಯಾ ನೋಡಿ. ಸಿಂಗಾಪುರದ ಎಸ್‌ಜಿ ಅರೈವಲ್ ಕಾರ್ಡ್ ಅನ್ನೋದನ್ನ ತಲುಪೋ ಮುಂಚಿನ ಮೂರು ದಿನದೊಳಗೆ ಆನ್‌ಲೈನಲ್ಲಿ ತುಂಬ್ಬೇಕು, ಫ್ರೀ, ದುಡ್ಡು ಕೇಳೋ ಸೈಟಿಗೆ ಹೋಗಬೇಡಿ. ಎಲ್ಲಾದ್ರದ್ದೂ ಒಂದೊಂದು ಪ್ರಿಂಟ್ ಇರ್ಲಿ, ಫೋನ್ ಯಾವಾಗ ಕೈಕೊಡತ್ತೋ ಹೇಳೋಕಾಗಲ್ಲ. ಇದೆಲ್ಲ ರಗಳೆ ಬೇಡ ಅನ್ನೋರಿಗೆ ಮುಂಬೈಯಿಂದ ಗೋವಾ, ಲಕ್ಷದ್ವೀಪದ ಕಡೆ ಹೋಗೋ ಕಾರ್ಡೇಲಿಯಾ ಕ್ರೂಸ್ ಇದೆ, ಅದಕ್ಕೂ ಇದೇ ಬ್ಯಾಗ್ ಸಾಕು.

ಹೊರಡೋ ಮುಂಚೆ

ಎರಡು ದಿನ ಮುಂಚೆ ಎಲ್ಲಾ ಮಂಚದ ಮೇಲೆ ಹರಡಿ. ಒಂದೊಂದನ್ನೂ ಅಡುಗೆಮನೆ ತಕ್ಕಡೀಲಿ ಇಟ್ಟು ಚೀಟೀಲಿ ಬರೀರಿ, ಅರ್ಧ ಗಂಟೆ ಕೆಲಸ ಅಷ್ಟೇ. ಮೇಕಪ್ ಚೀಲ ನಂದು ಒಂದೂವರೆ ಕೆಜಿ ಇತ್ತು, ಬರೆದು ನೋಡಿದ ಮೇಲೇನೇ ಅದು 700 ಗ್ರಾಮಿಗೆ ಇಳಿದಿದ್ದು. ಕಡೇ ಟ್ರಿಪ್ಪಲ್ಲಿ ಬ್ಯಾಗು, ಬಟ್ಟೆ, ಸೀರೆ, ಸ್ಯಾಂಡಲ್, ಕೊಡೆ, ತಿಂಡಿ ಎಲ್ಲಾ ಸೇರಿ 6 ಕೆಜಿ 100 ಗ್ರಾಂ ಬಂತು. ಆರೂವರೆ ಒಳಗೆ ನಿಲ್ಲಿಸಿ, ಮನೆ ತಕ್ಕಡಿಗೂ ಏರ್‌ಪೋರ್ಟ್ ತಕ್ಕಡಿಗೂ ಸ್ವಲ್ಪ ವ್ಯತ್ಯಾಸ ಇರತ್ತೆ. ಜಾಸ್ತಿ ಬಂದ್ರೆ ಜಾಕೆಟ್ ಮೈಮೇಲಿರ್ಲಿ, ನಮ್ಮ ಬೆಂಗಳೂರಲ್ಲಿ ಬೆಳಗಿನ ಜಾವ ನಾಲ್ಕು ಗಂಟೆಗೆ ಏರ್‌ಪೋರ್ಟಿಗೆ ಹೊರಟ್ರೆ ಅದು ಹೇಗೂ ಬೇಕು.

ಬಟ್ಟೆ ಸುತ್ತಿ ಇಡಿ, ಸೀರೆ ಮಾತ್ರ ಸುತ್ತದೆ ಒಂದು ಹಳೇ ಕಾಟನ್ ಬಟ್ಟೇಲಿ ಮಡಚಿ ಬೆನ್ನಿಗೆ ತಾಗೋ ಕಡೆ ಚಪ್ಪಟೆಯಾಗಿ ಇಡಿ. ಲಿಕ್ವಿಡ್ ಕವರು, ಚಾರ್ಜರು ಎಲ್ಲಕ್ಕಿಂತ ಮೇಲೆ, ಸೆಕ್ಯೂರಿಟೀಲಿ ತೆಗೀಬೇಕಲ್ಲ.

ಸಾಧ್ಯ ಆದ್ರೆ ಹಡಗು ಹೊರಡೋ ಹಿಂದಿನ ದಿನಾನೇ ಸಿಂಗಾಪುರ ಸೇರಿ, ಡೈರೆಕ್ಟ್ ಫ್ಲೈಟಲ್ಲಿ ನಾಲ್ಕೂವರೆ ಗಂಟೆ. ಚೆಕ್-ಇನ್ ಲಗೇಜ್ ಇಲ್ದಿದ್ರೆ ಬನಶಂಕರಿ ಕಡೆಯಿಂದ ವಾಯು ವಜ್ರ ಬಸ್ಸಲ್ಲೇ ಆರಾಮಾಗಿ ಏರ್‌ಪೋರ್ಟಿಗೆ ಹೋಗ್ಬಹುದು, ಅಲ್ಲಿ ಸಿಂಗಾಪುರದ ಚಾಂಗಿ ಏರ್‌ಪೋರ್ಟಿಂದ ಎಂಆರ್‌ಟಿ (ಅಲ್ಲಿನ ಮೆಟ್ರೋ) ಟ್ರೇನಲ್ಲಿ ಊರೊಳಗೆ. ಹಡಗು ಹತ್ತೋ ಮರೀನಾ ಬೇ ಕ್ರೂಸ್ ಸೆಂಟರಿಗೆ ಹತ್ತಿರದ ಸ್ಟೇಷನ್ ಮರೀನಾ ಸೌತ್ ಪಿಯರ್, ಅಲ್ಲಿಂದ ನಡೆಯೋ ದೂರ. ಟರ್ಮಿನಲ್ಲಲ್ಲಿ ದೊಡ್ಡ ಸೂಟ್‌ಕೇಸ್‌ನೋರು ಅದನ್ನ ಪೋರ್ಟರ್‌ಗೆ ಕೊಟ್ಟು ಸಂಜೆ ತನಕ, ಒಂದೊಂದ್ಸಲ ರಾತ್ರಿ ತನಕ ಕ್ಯಾಬಿನ್ ಬಾಗಿಲಲ್ಲಿ ಬರೋದನ್ನ ಕಾಯ್ತಾರೆ. ನೀವು ಹತ್ತಿದ ಒಂದು ಗಂಟೇಲಿ ಈಜುಕೊಳದಲ್ಲಿರ್ತೀರ, ಆ ಹೊತ್ತಲ್ಲಿ ಕೊಳ ಖಾಲಿ ಇರತ್ತೆ.

ಇಳಿಯೋ ದಿನ

ಕೊನೇ ರಾತ್ರಿ ದೊಡ್ಡ ಲಗೇಜ್ ಇರೋರು ಟ್ಯಾಗ್ ಕಟ್ಟಿ ಬ್ಯಾಗನ್ನ ಕಾರಿಡಾರಲ್ಲಿ ಇಡ್ಬೇಕು, ನಾಳೆ ಹಾಕ್ಕೊಳ್ಳೋ ಬಟ್ಟೇನೂ ಮರೆತು ಅದ್ರೊಳಗೆ ಹಾಕಿಬಿಟ್ಟೋರಿದ್ದಾರೆ. ನಮ್ಮ ಬ್ಯಾಗ್ ನಮ್ಮ ಹತ್ರಾನೇ. ತಮ್ಮ ಲಗೇಜ್ ತಾವೇ ಹೊತ್ಕೊಂಡು ಇಳಿಯೋರನ್ನ ಸಾಮಾನ್ಯವಾಗಿ ಎಲ್ಲರಿಗಿಂತ ಮೊದಲು ಬಿಡ್ತಾರೆ, ಹಿಂದಿನ ದಿನ ಗೆಸ್ಟ್ ಸರ್ವಿಸ್ ಕೌಂಟರಲ್ಲಿ ಒಂದು ಮಾತು ಕೇಳಿಟ್ಕೊಳ್ಳಿ. ಆದ್ರೂ ವಾಪಸ್ ಫ್ಲೈಟ್ ಮಧ್ಯಾಹ್ನ ಒಂದು ಗಂಟೆ ಮೇಲಿಂದೇ ಬುಕ್ ಮಾಡಿ, ಬಂದರಲ್ಲಿ ಇಮಿಗ್ರೇಷನ್ ಲೈನ್ ಎಷ್ಟು ಉದ್ದ ಇರತ್ತೋ ಗೊತ್ತಾಗಲ್ಲ.

ಶಾಪಿಂಗ್ ಮಾಡೋರು ಮಡಚಿದ್ರೆ ಮುಷ್ಟಿಯಷ್ಟಾಗೋ ನೈಲಾನ್ ಚೀಲ ಒಂದು ಇಟ್ಕೊಂಡಿರಿ, 80 ಗ್ರಾಂ. ತಿಂಡಿ ಪ್ಯಾಕೆಟ್ ಖಾಲಿಯಾಗಿ ಅರ್ಧ ಕೆಜಿ ಹೇಗೂ ಇಳಿದಿರತ್ತೆ, ಅಮ್ಮನಿಗೆ ಪೆನಾಂಗಿನ ಜಾಯಿಕಾಯಿ ಎಣ್ಣೆಯ ಸಣ್ಣ ಬಾಟಲ್ ಎರಡು ತಂದೆ, ಲಿಕ್ವಿಡ್ ಕವರಲ್ಲೇ ಹಿಡಿದ್ವು.